ಟೈರೂ ಒಂದು ಗೇರೇ: ಕಾರು ಓಡಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ತಮ್ಮ ಕಾರನ್ನು ತಾವೇ ಓಡಿಸುವವರಿಗೆ. ಟೈರ್ ಬದಲಿಸುವ ಹೊತ್ತು ಬಂದಿದ್ದರೆ ಅಂಗಡಿಗೆ ಹೋಗುವ ಮೊದಲೇ ಓದಿ. ಹೋಗಿ ಬಂದ ಮೇಲೆ ಓದಿದವರಿಗೆ ಇದರಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಲಿ. ಇಂಜಿನ್ನಿನಿಂದ ಹೊರಟ ಸುತ್ತು ಗೇರ್‌ಬಾಕ್ಸ್ ದಾಟಿ, ಡಿಫರೆನ್ಷಿಯಲ್ ದಾಟಿ, ಕೊನೆಗೆ ಟೈರಿಗೆ ಬರುತ್ತದೆ. ಚಕ್ರ ಒಂದು ಸಲ ತಿರುಗಿದರೆ ಕಾರು ಎಷ್ಟು ಮುಂದೆ ಹೋಗುತ್ತದೆ ಎನ್ನುವುದು ಟೈರಿನ ಸುತ್ತಳತೆಯ ಮೇಲಿದೆ. ಆದ್ದರಿಂದ ಟೈರೂ ಒಂದು ಗೇರೇ. ನಿಮ್ಮ ಕೈಗೆ ಸಿಗದ, ಕಾರು ಕಟ್ಟಿದವರು ಲೆಕ್ಕ ಹಾಕಿ ಕೂಡಿಸಿಟ್ಟ ಕೊನೆಯ ಗೇರು. ಅದನ್ನು ಬದಲಿಸಿದರೆ ಇಂಜಿನ್ನಿನ ಓಟ, ಸ್ಪೀಡೋಮೀಟರ್, ಮೈಲೇಜಿನ ಲೆಕ್ಕ ಎಲ್ಲವೂ ಬದಲಾಗುತ್ತವೆ.

ಟೈರ್ ಸೈಜ್

ಟೈರಿನ ಪಕ್ಕದಲ್ಲಿ ಬರೆದದ್ದನ್ನು ಓದಲು ಕಲಿಯಿರಿ. 185/65 ಆರ್15 ಎಂದಿದ್ದರೆ ಅಗಲ 185 ಮಿಲಿಮೀಟರ್; ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ 120 ಮಿ.ಮೀ. ಚಿಲ್ಲರೆ, ರಿಮ್ 15 ಇಂಚು, ಅಂದರೆ 381 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ ಕೂಡಿಸಿದರೆ ಒಟ್ಟು ವ್ಯಾಸ 621.5 ಮಿ.ಮೀ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಅಂಗಡಿಯವರನ್ನು ಕೇಳಬೇಕಾಗಿಲ್ಲ.

ಹಿಂದಿನ ತಲೆಮಾರಿನ ಮಾರುತಿ ಸ್ವಿಫ್ಟ್‌ನ ಕೆಳಗಿನ ಮಾದರಿಗೆ 165/80 ಆರ್14 ಬರುತ್ತಿತ್ತು, ಮೇಲಿನ ಮಾದರಿಗೆ 185/65 ಆರ್15. ಮೊದಲನೆಯದರ ವ್ಯಾಸ 619.6 ಮಿ.ಮೀ. ಎರಡನೆಯದಕ್ಕೂ ಇದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ರಿಮ್ ಒಂದು ಇಂಚು ದೊಡ್ಡದಾಯಿತು, ಅಷ್ಟಕ್ಕೆ ಸರಿಯಾಗಿ ರಬ್ಬರಿನ ಗೋಡೆ ಗಿಡ್ಡವಾಯಿತು. ಒಂದೇ ಇಂಜಿನ್, ಒಂದೇ ಗೇರ್‌ಬಾಕ್ಸ್ ಇಟ್ಟುಕೊಂಡು ಎರಡು ಸೈಜ್ ಕೊಡುವಾಗ ಕಂಪನಿ ಸುತ್ತಳತೆಯನ್ನು ಕೆಡಿಸುವುದಿಲ್ಲ. ನೀವೂ ಕೆಡಿಸಬೇಡಿ.

ಮಾಡಬೇಕಾದ್ದು: ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಅದರಲ್ಲಿರುವ ಸೈಜನ್ನೇ ಹಾಕಿಸಿ. ಅದು ಸಿಗದಿದ್ದರೆ, ಅಥವಾ ಅಲಾಯ್ ಬೇಕೇ ಬೇಕು ಎಂದರೆ, ನಿಮ್ಮ ಕಾರಿನ ಬೇರೆ ಮಾದರಿಗೆ ಕಂಪನಿಯೇ ಕೊಟ್ಟಿರುವ ಸೈಜಿಗೆ ಮಾತ್ರ ಹೋಗಿ. ಲೋಡ್ ಇಂಡೆಕ್ಸ್ ಕಡಿಮೆಯಾಗಕೂಡದು. ಸೈಜಿನ ಪಕ್ಕದಲ್ಲಿ 85 ಎಂದಿದ್ದರೆ ಆ ಟೈರ್ 515 ಕಿಲೋ ಹೊರುತ್ತದೆ, 88 ಎಂದಿದ್ದರೆ 560 ಕಿಲೋ. ಅದರ ಮುಂದಿನ ಅಕ್ಷರ ವೇಗದ ಮಿತಿ. ಎರಡರಲ್ಲೂ ಮೂಲಕ್ಕಿಂತ ಕೆಳಗಿಳಿಯಬೇಡಿ.

ಮಾಡಬಾರದ್ದು: "ಒಂದು ಸೈಜ್ ದೊಡ್ಡದು ಹಾಕಿ, ಮೈಲೇಜೂ ಏರುತ್ತೆ, ಗಾಡಿನೂ ಎತ್ತರ ನಿಲ್ಲುತ್ತೆ" ಎನ್ನುವ ಮಾತಿಗೆ ಒಪ್ಪಬೇಡಿ. ನಾನು ಒಪ್ಪಿ ಕೈ ಸುಟ್ಟುಕೊಂಡಿದ್ದೇನೆ. ಕಾರಿಗೆ ವರ್ಷ ತುಂಬುವ ಮೊದಲೇ ಒಂದು ಟೈರ್ ಅಂಗಡಿಯಲ್ಲಿ 185/65 ಆರ್15 ತೆಗೆಸಿ 195/65 ಆರ್15 ಹಾಕಿಸಿದೆ. ವ್ಯಾಸ 13 ಮಿ.ಮೀ. ಹೆಚ್ಚಿತು. ಗಾಡಿ ಎತ್ತರವಾದದ್ದು ಅದರ ಅರ್ಧ, ಆರೂವರೆ ಮಿಲಿಮೀಟರ್. ಒಂದು ಪೆನ್ಸಿಲಿನ ದಪ್ಪ. ನಮ್ಮ ಬೀದಿಯ ಹಂಪ್‌ಗೆ ಹೊಟ್ಟೆ ತಾಗುತ್ತಿದ್ದ ಕಾರು ಆಮೇಲೂ ತಾಗಿತು.

ಮೈಲೇಜಿನ ಮಾತು? ಅದಕ್ಕೆ ಇಂಜಿನ್ನಿನ ಓಟದ ಲೆಕ್ಕ ಬೇಕು. ಐದನೇ ಗೇರಿನಲ್ಲಿ ಇಂಜಿನ್ 3.2 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ, ನಾಲ್ಕನೆಯದರಲ್ಲಿ 4.2 ಸುತ್ತು. ಸಣ್ಣ ಕಾರುಗಳಲ್ಲಿ ಈ ಆಸುಪಾಸಿನ ಲೆಕ್ಕವೇ ಇರುತ್ತದೆ. ಮೂಲ ಸೈಜಿನ ಟೈರ್‌ನಲ್ಲಿ 80 ಕಿ.ಮೀ. ವೇಗಕ್ಕೆ ಐದನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2185 ಸುತ್ತು ಓಡುತ್ತದೆ. ದೊಡ್ಡ ಟೈರ್ ಹಾಕಿದರೆ 2140. ಉಳಿದದ್ದು 45 ಸುತ್ತು. ಅದೇ 80ರಲ್ಲಿ ನಾಲ್ಕನೇ ಗೇರಿನಿಂದ ಐದಕ್ಕೆ ಹಾಕಿದರೆ ಇಳಿಯುವುದು 680 ಸುತ್ತು. 100ರಲ್ಲಿ ಹೋಗುವವರು 80ಕ್ಕೆ ಇಳಿದರೆ ಸಿಗುವುದು ಸುಮಾರು 550 ಸುತ್ತು, ಜೊತೆಗೆ ಗಾಳಿಯ ಎದುರೊತ್ತಡವೂ ಕಡಿಮೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡುಕೊಂಡ 45 ಸುತ್ತು ಒಂದು ಕಡೆ, ಕೈಯಲ್ಲೂ ಕಾಲಲ್ಲೂ ಪುಕ್ಕಟೆ ಸಿಗುವ 500, 600 ಸುತ್ತು ಇನ್ನೊಂದು ಕಡೆ. (ಭಾರ ಬಿದ್ದಾಗ ಟೈರ್ ಕೊಂಚ ಅಮುಕುವುದರಿಂದ ನಿಜವಾದ ಅಂಕಿಗಳು ಇವಕ್ಕಿಂತ ಸ್ವಲ್ಪ ಮೇಲಿರುತ್ತವೆ. ಹೋಲಿಕೆ ಹಾಗೇ ನಿಲ್ಲುತ್ತದೆ.)

ಆ 45 ಸುತ್ತೂ ಕೈಗೆ ಹತ್ತುವುದಿಲ್ಲ. ಅಗಲ ಹೆಚ್ಚಾದ ಟೈರ್ ಗಾಳಿಗೆ ಹೆಚ್ಚು ಅಡ್ಡ ನಿಲ್ಲುತ್ತದೆ. ಚಕ್ರದ ತೂಕ ಕಿಲೋ ಎರಡು ಕಿಲೋ ಏರಿದರೂ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಅದನ್ನು ತಿರುಗಿಸಿ ಎಬ್ಬಿಸುವ ಕೆಲಸ ಇಂಜಿನ್ನಿಗೆ. ಎಲ್ಲ ಗೇರುಗಳೂ ಎರಡು ಪರ್ಸೆಂಟ್ ಉದ್ದವಾಗುವುದರಿಂದ ಮೊದಲ ಗೇರಿನಲ್ಲಿ ಹಾಫ್ ಕ್ಲಚ್ ಹೆಚ್ಚು ಹೊತ್ತು ಬೇಕು, ಏರಿನಲ್ಲಿ ಮೂರನೇ ಗೇರು ಎಳೆಯದೆ ಎರಡಕ್ಕೆ ಬರಬೇಕು. ಹೆದ್ದಾರಿಯಲ್ಲಿ ಗಳಿಸಿದ್ದು ಊರೊಳಗೆ ಕಳೆದುಹೋಗುತ್ತದೆ.

ತೀರಾ ಚಿಕ್ಕ ಸೈಜಿಗೂ ಇಳಿಯಬೇಡಿ. ಇಂಜಿನ್ ಎಲ್ಲ ವೇಗದಲ್ಲೂ ಹೆಚ್ಚು ಸುತ್ತುತ್ತದೆ, ಹೊರುವ ಶಕ್ತಿಯೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಕಂಪನಿ ನಿಗದಿಪಡಿಸಿದ ವಿವರಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದು ಇಂಥದ್ದನ್ನೇ.

ಮೀಟರನ್ನು ನಂಬುವ ಮುಂಚೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೈರ್ ಮತ್ತು ಮೈಲೇಜಿನ ಬಗ್ಗೆ ಕೇಳಿಬರುವ ಅರ್ಧ ಜಗಳಕ್ಕೆ ಮೂಲವೇ ಇದು.

ಕಾರಿನ ಓಡೋಮೀಟರ್ ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸಲ ತಿರುಗಿತು ಎಂದು ಎಣಿಸಿ, ಮೂಲ ಟೈರಿನ ಸುತ್ತಳತೆಯಿಂದ ಗುಣಿಸಿ ಕಿಲೋಮೀಟರ್ ತೋರಿಸುತ್ತದೆ. ಟೈರ್ ದೊಡ್ಡದಾದರೆ ನೀವು ಹೋದ ದೂರ ಹೆಚ್ಚು, ಮೀಟರ್ ತೋರುವುದು ಕಡಿಮೆ. ಚಿಕ್ಕದಾದರೆ ಮೀಟರ್ ಉಬ್ಬಿಸಿ ತೋರಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಲೀಟರಿಗೆ ಇಷ್ಟು ಎಂದು ಬರುವ ಅಂಕಿಯೂ ಇದೇ ಎಣಿಕೆಯ ಮೇಲೆ ನಿಂತದ್ದು, ಅದೂ ಜೊತೆಗೇ ತಪ್ಪುತ್ತದೆ.

ನಾನು ದೊಡ್ಡ ಟೈರ್ ಹಾಕಿಸಿದ ಮೇಲೆ ಲೀಟರಿಗೆ 18.6 ಬರುತ್ತಿದ್ದದ್ದು 17.4ಕ್ಕೆ ಇಳಿಯಿತು. ಎದೆ ಧಸಕ್ಕೆಂದಿತು. ಆಮೇಲೆ ಹಾಸನದಿಂದ ಸಕಲೇಶಪುರದ ಕಡೆ ಹೋಗುವಾಗ ಒಂದು ಕಿಲೋಮೀಟರ್ ಕಲ್ಲಿನ ಎದುರು ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಇಪ್ಪತ್ತು ಕಲ್ಲು ಎಣಿಸಿ ನಿಲ್ಲಿಸಿದೆ. ಮೀಟರಿನಲ್ಲಿ 19.6 ಇತ್ತು. ಮೂಲ ಸೈಜಿಗೆ ಮರಳಿದ ಮೇಲೆ ಅದೇ ಎರಡು ಕಲ್ಲುಗಳ ನಡುವೆ 20.0 ತೋರಿಸಿತು. ಅಂದರೆ 17.4 ಎಂದು ಕಂಡದ್ದು ನಿಜದಲ್ಲಿ 17.8ರ ಹತ್ತಿರ. ಕಳೆದುಕೊಂಡೆ ಎಂದುಕೊಂಡದ್ದರಲ್ಲಿ ಮೂರರಲ್ಲಿ ಒಂದು ಪಾಲು ಮೀಟರಿನ ತಪ್ಪು, ಉಳಿದ ಎರಡು ಪಾಲು ನಿಜವಾದ ನಷ್ಟ.

ಮಾಡಬೇಕಾದ್ದು: ಟೈರ್ ಬದಲಿಸಿದ ವಾರದಲ್ಲೇ ಈ ಪರೀಕ್ಷೆ ಮಾಡಿ. ರಸ್ತೆ ಅಗಲವಾಗುವಾಗ ಕೆಲವು ಕಡೆ ಕಲ್ಲುಗಳು ಜಾಗ ಬದಲಿಸಿರುತ್ತವೆ, ಹಾಗಾಗಿ ಒಂದೆರಡು ಕಲ್ಲಿಗೆ ತೃಪ್ತಿಪಡದೆ ಇಪ್ಪತ್ತಾದರೂ ನೋಡಿ, ಫೋನಿನ ಜಿಪಿಎಸ್ ಜೊತೆ ತಾಳೆ ಹಾಕಿ. ಕಲ್ಲು ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಮೈಲೇಜ್ ಲೆಕ್ಕವನ್ನು ಟ್ಯಾಂಕ್ ತುಂಬಿಸಿಯೇ ಮಾಡಿ: ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್, ನಾಝಲ್ ತಾನಾಗಿ ಕಟ್ ಆಗುವವರೆಗೆ ಮಾತ್ರ. ಮೂರು ಟ್ಯಾಂಕಿನ ಸರಾಸರಿ ತೆಗೆದುಕೊಳ್ಳಿ.

ಮಾಡಬಾರದ್ದು: ಹೊಸ ಟೈರ್ ಹಾಕಿದ ತಿಂಗಳು ಮೈಲೇಜ್ ಇಳಿಯಿತೆಂದು ಗಾಬರಿಯಾಗಬೇಡಿ, ಮೆಕ್ಯಾನಿಕ್ಕಿನ ಮೇಲೂ ಹಾರಿಬೀಳಬೇಡಿ. ಹೊಸ ಟೈರಿನ ಗೆರೆಗಳ ಆಳ ಸುಮಾರು 8 ಮಿ.ಮೀ., ಸವೆದು ಬದಲಿಸುವ ಹೊತ್ತಿಗೆ 1.6. ಎರಡೂ ಕಡೆಯಿಂದ ಸವೆದದ್ದು ಸೇರಿದರೆ ವ್ಯಾಸ 13 ಮಿ.ಮೀ. ಕಡಿಮೆಯಾಗಿರುತ್ತದೆ. ಅಂದರೆ ಅದೇ ಸೈಜಿನ ಸವೆದ ಟೈರಿಗೂ ಹೊಸ ಟೈರಿಗೂ ಮೀಟರಿನಲ್ಲಿ ಎರಡು ಪರ್ಸೆಂಟ್ ವ್ಯತ್ಯಾಸ ಬಂದೇ ಬರುತ್ತದೆ. ಹೊಸ ರಬ್ಬರಿನ ದಪ್ಪ ಬ್ಲಾಕ್‌ಗಳು ಪ್ರತಿ ಸುತ್ತಿನಲ್ಲೂ ಅಮುಕಿ ಎದ್ದು ಹೆಚ್ಚು ಶಾಖ ಕಳೆಯುತ್ತವೆ, ಆದ್ದರಿಂದ ಉರುಳುವ ತಡೆಯೂ ಸ್ವಲ್ಪ ಹೆಚ್ಚು. ಟೈರ್ ಓಡುತ್ತಾ ಓಡುತ್ತಾ ಇದು ತಾನೇ ಸರಿಹೋಗುತ್ತದೆ.

ಸ್ಪೀಡೋಮೀಟರನ್ನು ಕಂಪನಿಗಳು ನಿಜಕ್ಕಿಂತ ತುಸು ಹೆಚ್ಚು ತೋರುವಂತೆ ಇಟ್ಟಿರುತ್ತವೆ. ದೊಡ್ಡ ಟೈರ್ ಆ ರಕ್ಷಣೆಯನ್ನು ತಿಂದುಹಾಕುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾಗಳು ಕಾಯುತ್ತಿರುತ್ತವೆ. ನಿಮ್ಮ ಮೀಟರಿನ 100 ಅವುಗಳ 100 ಆಗಿರಬೇಕಾಗಿಲ್ಲ.

ಇಂಜಿನ್ನಿನ ಓಟ

ಇಂಜಿನ್ ತಿರುಗಿದಷ್ಟೂ ಒಳಗಿನ ಉಜ್ಜಾಟಕ್ಕೆ ಇಂಧನ ಹೋಗುತ್ತದೆ; ಕಾರು ಮುಂದೆ ಸಾಗಲಿ ಬಿಡಲಿ, ಪಿಸ್ಟನ್ ಮೇಲೆ ಕೆಳಗೆ ಆಡಿದ ಪ್ರತಿ ಸಲವೂ ಅದಕ್ಕೊಂದು ಖರ್ಚಿದೆ. ಪೆಟ್ರೋಲ್ ಇಂಜಿನ್ನಿಗೆ ಇನ್ನೊಂದು ಖರ್ಚೂ ಇದೆ. ಎಕ್ಸಲರೇಟರನ್ನು ಸ್ವಲ್ಪವೇ ಒತ್ತಿದಾಗ ಗಾಳಿ ಒಳಬರುವ ದಾರಿಯ ಮುಚ್ಚಳ ಮುಕ್ಕಾಲು ಮುಚ್ಚಿರುತ್ತದೆ. ಮಡಚಿಹೋದ ಸ್ಟ್ರಾದಲ್ಲಿ ಎಳನೀರು ಎಳೆದಂತೆ, ಇಂಜಿನ್ ಆ ಕಿರಿದಾದ ಸಂದಿನಿಂದ ಗಾಳಿಯನ್ನು ಎಳೆದುಕೊಳ್ಳಲು ಒದ್ದಾಡುತ್ತದೆ. ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ, ಎಕ್ಸಲರೇಟರನ್ನು ಇನ್ನೊಂದಿಷ್ಟು ಒತ್ತಿ ಅದೇ ವೇಗದಲ್ಲಿ ಹೋದರೆ ಮುಚ್ಚಳ ಹೆಚ್ಚು ತೆರೆದಿರುತ್ತದೆ, ಒದ್ದಾಟ ಕಡಿಮೆ. ಕಾಲು ಹಗುರವಾಗಿಟ್ಟರೆ ಸಾಕು, ಗೇರು ಯಾವುದಾದರೇನು ಎನ್ನುವುದು ಅರ್ಧ ಸತ್ಯ. ಮೂರನೇ ಗೇರಿನಲ್ಲಿ ಹಗುರ ಕಾಲಿಟ್ಟು 50ರಲ್ಲಿ ಹೋಗುವವನಿಗಿಂತ ನಾಲ್ಕನೇ ಗೇರಿನಲ್ಲಿ ಕೊಂಚ ಹೆಚ್ಚು ಒತ್ತಿ 50ರಲ್ಲಿ ಹೋಗುವವನು ಕಡಿಮೆ ಸುಡುತ್ತಾನೆ.

ಮಾಡಬೇಕಾದ್ದು: ಸಮತಟ್ಟಾದ ರಸ್ತೆಯಲ್ಲಿ ಪೆಟ್ರೋಲ್ ಕಾರನ್ನು 2000ದಿಂದ 2500 ಸುತ್ತಿನೊಳಗೆ ಮೇಲಿನ ಗೇರಿಗೆ ಹಾಕಿ. ಡೀಸೆಲ್‌ಗೆ ಇದಕ್ಕಿಂತ ಮುಂಚೆಯೇ, 2000ದ ಸುತ್ತಮುತ್ತ. ಗೇರ್ ಬದಲಿಸಲು ಹೇಳುವ ಬಾಣದ ಗುರುತು ನಿಮ್ಮ ಕಾರಿನಲ್ಲಿದ್ದರೆ ಅದನ್ನು ಗಮನಿಸಿ. ಬೆಳಿಗ್ಗೆ ಇಂಜಿನ್ ಶುರು ಮಾಡಿ ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡಬೇಡಿ, ಅರ್ಧ ನಿಮಿಷ ಬಿಟ್ಟು ಹೊರಡಿ, ಮೊದಲ ಮೂರು ನಾಲ್ಕು ಕಿಲೋಮೀಟರ್ ಮೆತ್ತಗೆ ಓಡಿಸಿ. ಮುಂದೆ ಕೆಂಪು ದೀಪ ಕಂಡ ಕೂಡಲೇ ಎಕ್ಸಲರೇಟರ್ ಬಿಟ್ಟುಬಿಡಿ, ಗೇರು ಹಾಗೇ ಇರಲಿ.

ಮಾಡಬಾರದ್ದು: ಕಡಿಮೆ ಸುತ್ತು ಒಳ್ಳೆಯದೆಂದು ಇಂಜಿನ್ನನ್ನು ಉಸಿರುಗಟ್ಟಿಸಬೇಡಿ. 1200 ಸುತ್ತಿನಲ್ಲಿ ಐದನೇ ಗೇರು ಹಾಕಿಕೊಂಡು ಎಕ್ಸಲರೇಟರನ್ನು ಪೂರಾ ಒತ್ತಿದರೆ ಏನಾಗುತ್ತದೆ ನೋಡಿ: ಸ್ಟಿಯರಿಂಗ್ ನಡುಗುತ್ತದೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತದೆ, ಬಾನೆಟ್ಟಿನ ಕೆಳಗಿಂದ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬರುತ್ತದೆ. ಆ ಸದ್ದು ಬಂದ ಕ್ಷಣ ಒಂದು ಗೇರು ಕೆಳಗೆ ಬನ್ನಿ. ಪೂರ್ತಿ ಒತ್ತಿದಾಗ ಬಹಳಷ್ಟು ಪೆಟ್ರೋಲ್ ಇಂಜಿನ್ನುಗಳು ತಮ್ಮನ್ನು ಕಾಪಾಡಿಕೊಳ್ಳಲು ಹೆಚ್ಚು ಪೆಟ್ರೋಲ್ ಸುರಿಯುತ್ತವೆ. ಉಳಿತಾಯವಂತೂ ಆಗುವುದಿಲ್ಲ. ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್ ಇರುವವರು ಇನ್ನೂ ಎಚ್ಚರವಾಗಿರಿ. ಕೆಳಗಿನ ಸುತ್ತಿನಲ್ಲಿ ಪೂರಾ ಒತ್ತಿದಾಗ ಕಿಡಿ ಹೊತ್ತುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನೇ ಒಡೆಯಬಹುದು. ಸಿಎನ್‌ಜಿಯಲ್ಲಿ ಎಳೆತ ಕಡಿಮೆ, ಅದರಲ್ಲಿ ಓಡಿಸುವಾಗ ಗೇರನ್ನು ಸ್ವಲ್ಪ ಬೇಗ ಇಳಿಸಿ.

ಸಿವಿಟಿ ಗೇರ್‌ಬಾಕ್ಸ್ ಇರುವವರು ಟ್ಯಾಕೋಮೀಟರಿನ ಮುಳ್ಳನ್ನು ನೋಡಿಕೊಂಡು ಒತ್ತಿ. ಮುಳ್ಳು ಮೇಲೆ ಹಾರಿದರೆ ಕಾಲು ಸಡಿಲಿಸಿ. ಎಎಂಟಿಯಲ್ಲಿ ಕಾಲನ್ನು ಅರೆಕ್ಷಣ ಸಡಿಲಿಸಿದರೆ ಅದು ಮೇಲಿನ ಗೇರಿಗೆ ಹೋಗುತ್ತದೆ. ಸ್ಪೋರ್ಟ್ ಮೋಡ್ ಊರೊಳಗೆ ಬೇಡ.

ವೇಗ. ಪಿಸಿಆರ್‌ಎ, ಅಂದರೆ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ವರ್ಷಗಳಿಂದ ಹೇಳುತ್ತಿರುವುದು 45ರಿಂದ 55. ಹೆದ್ದಾರಿಯಲ್ಲಿ ಆ ವೇಗದಲ್ಲಿ ಹೋದರೆ ಹಿಂದಿನಿಂದ ಬರುವವರಿಗೆ ಅಪಾಯ ಎನ್ನುವುದು ನನ್ನ ಅಭಿಪ್ರಾಯ. 80 ಇಟ್ಟುಕೊಳ್ಳಿ, ಎಡಗಡೆಯ ಲೇನಿನಲ್ಲಿರಿ. 80ರಿಂದ 100ಕ್ಕೆ ಏರಿದರೆ ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟು ದಾಟುತ್ತದೆ. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರಿಗೆ ಅದರಿಂದ ಉಳಿಯುವುದು 18 ನಿಮಿಷ. ರಾಮನಗರದಲ್ಲೋ ಮದ್ದೂರಿನಲ್ಲೋ ಕಾಫಿಗೆ ನಿಂತರೆ ಆ ಹದಿನೆಂಟು ನಿಮಿಷ ಅಲ್ಲಿಗೇ ಮುಗಿಯಿತು.

ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ ಎಂದು ದೂರುವವರು ಇಷ್ಟು ತಿಳಿದಿರಿ: ಆ ಅಂಕಿ ರೋಲರುಗಳ ಮೇಲೆ ನಿಗದಿತ ಕ್ರಮದಲ್ಲಿ ಓಡಿಸಿ ತೆಗೆದದ್ದು, ಆ ಕ್ರಮದಲ್ಲಿ ವೇಗ 90 ದಾಟುವುದೇ ಇಲ್ಲ. 110ರಲ್ಲಿ ಓಡಿಸಿ ಅದರ ಜೊತೆ ಹೋಲಿಸಬೇಡಿ.

ಘಾಟಿ

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಎರಡನೇ ಮಾತಿಲ್ಲ.

ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಆಗುಂಬೆಯಲ್ಲೂ ಈ ಚಾಳಿ ಕಣ್ಣಾರೆ ಕಾಣುತ್ತೇನೆ. ಕಾರ್ಬ್ಯುರೇಟರ್ ಕಾಲದಲ್ಲಿ ಹಿರಿಯರು ಕಲಿಸಿದ್ದು ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ: ನ್ಯೂಟ್ರಲ್‌ನಲ್ಲಿ ಇಳಿಸಿದರೆ ಎಣ್ಣೆ ಉಳಿಯುತ್ತದೆ ಎಂದು. ಇಂದಿನ ಇಂಜೆಕ್ಷನ್ ಇಂಜಿನ್ನಿನಲ್ಲಿ ಇದು ಪೂರಾ ಉಲ್ಟಾ. ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಇಂಜಿನ್ ತಿರುಗುತ್ತಿದೆ, ಯಾರೂ ಒತ್ತುತ್ತಿಲ್ಲ ಎಂದು ಕಂಪ್ಯೂಟರಿಗೆ ಗೊತ್ತಾದ ಕೂಡಲೇ ಇಂಜೆಕ್ಟರನ್ನು ಮುಚ್ಚುತ್ತದೆ. ಆಗ ಸುಡುವ ಇಂಧನ ಸೊನ್ನೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ನಿಂತುಹೋಗದಂತೆ ಅದು ಮತ್ತೆ ಇಂಧನ ಬಿಡಲೇಬೇಕು. ನಿಂತಲ್ಲಿ ಓಡುವ ಸಣ್ಣ ಪೆಟ್ರೋಲ್ ಇಂಜಿನ್ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯುತ್ತದೆ. ನಿಮ್ಮ ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇದ್ದರೆ ದೋಣಿಗಲ್ ದಾಟಿ ಗುಂಡ್ಯದ ಕಡೆ ಇಳಿಯುವಾಗ ಪಕ್ಕದವರಿಗೆ ನೋಡಲು ಹೇಳಿ. ಮೂರನೇ ಗೇರಿನಲ್ಲಿ ಕಾಲು ಬಿಟ್ಟೊಡನೆ ಪಟ್ಟಿ ಕೊನೆಯವರೆಗೂ ತುಂಬಿ ನಿಲ್ಲುತ್ತದೆ. ಸುತ್ತು ತೀರಾ ಇಳಿದಾಗ ಇಂಧನ ಮತ್ತೆ ಶುರುವಾಗುತ್ತದೆ. ಆದ್ದರಿಂದ ಇಳಿಜಾರಿನಲ್ಲಿ 1500ಕ್ಕಿಂತ ಮೇಲೆ ಓಡುವಂಥ ಗೇರನ್ನು ಹಿಡಿಯಿರಿ.

ಹಣದ ಮಾತು ಅಷ್ಟು. ಪ್ರಾಣದ ಮಾತು ಬೇರೆ ಇದೆ. ನ್ಯೂಟ್ರಲ್‌ನಲ್ಲಿ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಕೀ ಆಫ್ ಮಾಡುವವರೂ ಇದ್ದಾರೆ. ಆಗ ಬ್ರೇಕಿನ ಬೂಸ್ಟರ್ ಒಂದೆರಡು ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ. ಯಾವ ಉಳಿತಾಯಕ್ಕೂ ಇದನ್ನು ಮಾಡಬೇಡಿ. ಡ್ರೈವರ್ ಮಾಡುತ್ತಿದ್ದರೆ ಹಿಂದಿನ ಸೀಟಿನಿಂದಲೇ ಬೇಡವೆನ್ನಿ.

ಏರುವಾಗ ಲೆಕ್ಕ ಬೇರೆ. ಮೂರರಲ್ಲಿ ಏದುಸಿರು ಬಿಡಿಸುವ ಬದಲು ಎರಡಕ್ಕೆ ಬಂದು 2500, 3000 ಸುತ್ತಿನಲ್ಲಿ ನಿರಾಳವಾಗಿ ಏರಿಸಿ. ಘಾಟಿಯಲ್ಲಿ ಮೇಲಕ್ಕೆ ಎತ್ತಿದ ಭಾರಕ್ಕೆ ತಕ್ಕ ಇಂಧನ ಹೋಗಲೇಬೇಕು, ಅದನ್ನು ಉಳಿಸುವ ಉಪಾಯ ಯಾರ ಹತ್ತಿರವೂ ಇಲ್ಲ.

ಗಾಳಿ

ಮಾಡಬೇಕಾದ್ದು: ನಿಮ್ಮದೇ ಒಂದು ಗೇಜ್ ಕೊಂಡುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಕಾರು ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಬಾಗಿಲಿನ ಸ್ಟಿಕ್ಕರಿನಲ್ಲಿ ಕಿಲೋಪಾಸ್ಕಲ್ ಬರೆದಿದ್ದರೆ 230 ಎಂದರೆ ಪಿಎಸ್‌ಐ ಲೆಕ್ಕದಲ್ಲಿ 33. ಎರಡು ಕಾಲಂ ಇದ್ದರೆ ಒಂದು ಇಬ್ಬರು ಮೂವರಿಗೆ, ಇನ್ನೊಂದು ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನಿಗೆ. ಧರ್ಮಸ್ಥಳಕ್ಕೋ ಮದುವೆಗೋ ಮನೆಮಂದಿಯೆಲ್ಲ ಹೊರಟ ದಿನ ಎರಡನೆಯ ಕಾಲಂ ನೋಡಿ. ಸ್ಟೆಪ್ನಿಯನ್ನು ಮರೆಯಬೇಡಿ.

ಗಾಳಿ ಕಡಿಮೆಯಿದ್ದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಎದ್ದು ಕಾಯುತ್ತದೆ. ಆ ಶಾಖ ನಿಮ್ಮ ಟ್ಯಾಂಕಿನಿಂದ ಬಂದದ್ದು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ. ಆರು ಇಳಿದರೆ ಶೇ. 1.2. ದೊಡ್ಡದಲ್ಲ ಎನಿಸಬಹುದು. ಆದರೆ ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತುಂಬಿದ ಕಾರು, ಕಡಿಮೆ ಗಾಳಿ, 100ರ ವೇಗ ಮೂರೂ ಸೇರಿದಾಗ ಅದೇ ಶಾಖ ಟೈರನ್ನು ಒಡೆಯುತ್ತದೆ. ಹವೆ 10 ಡಿಗ್ರಿ ತಣ್ಣಗಾದರೆ ಒತ್ತಡ ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಬಿಸಿಲುನಾಡಿನಲ್ಲಿ ಗಾಳಿ ಹೊಡೆಸಿ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋದವರು ಅಲ್ಲಿ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಿ.

ಮಾಡಬಾರದ್ದು: ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ. ಬಿಸಿಯಲ್ಲಿ ಮೂರು ನಾಲ್ಕು ಏರಿರುವುದು ಸಹಜ. ಬಿಟ್ಟರೆ ನಾಳೆ ಬೆಳಿಗ್ಗೆ ಅಷ್ಟೇ ಕಡಿಮೆ ಇರುತ್ತದೆ. ಮೈಲೇಜಿಗೆಂದು 40 ಹೊಡೆಸಬೇಡಿ. ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗಿ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ನೈಟ್ರೋಜನ್ ಹೊಡೆಸಿದ್ದೇವೆ, ಇನ್ನು ನೋಡಬೇಕಾಗಿಲ್ಲ ಎನ್ನಬೇಡಿ. ಮಾಮೂಲಿ ಗಾಳಿಯಲ್ಲೂ ನೈಟ್ರೋಜನ್ ಶೇ. 78 ಇದೆ. ಯಾವುದು ಹೊಡೆಸಿದರೂ ತಿಂಗಳು ಕಳೆದಂತೆ ಇಳಿಯುತ್ತದೆ.

ಅಲೈನ್‌ಮೆಂಟ್ ಕೆಟ್ಟಿದೆಯೇ ಎಂದು ತಿಳಿಯಲು ಅಂಗೈ ಸಾಕು. ಮುಂದಿನ ಟೈರಿನ ಮೇಲೆ ಅಡ್ಡಡ್ಡಲಾಗಿ ಒಳಗಿನಿಂದ ಹೊರಗೆ ಸವರಿ, ಆಮೇಲೆ ಹೊರಗಿನಿಂದ ಒಳಗೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಡೆದರೆ ಆ ಚಕ್ರ ನೇರ ಉರುಳುತ್ತಿಲ್ಲ, ರಸ್ತೆಗೆ ಉಜ್ಜಿಕೊಂಡು ಹೋಗುತ್ತಿದೆ. ಅವತ್ತೇ ಸರಿಮಾಡಿಸಿ. ತಂತಿ ಎಚ್ಚರಿಕೆ: ಟೈರ್ ಸವೆದು ಒಳಗಿನ ಉಕ್ಕಿನ ಎಳೆ ಹೊರಬಂದಿದ್ದರೆ ಬರಿಗೈ ಹಾಕಬೇಡಿ.

ಒಂದೇ ಆಕ್ಸಲ್‌ನ ಎಡಕ್ಕೆ ಹೊಸದು, ಬಲಕ್ಕೆ ಬೋಳಾದದ್ದು ಹಾಕಬೇಡಿ. ಸುತ್ತಳತೆ ಬೇರೆಯಾಗಿ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯುತ್ತದೆ. ಸ್ಟೆಪ್ನಿ ಚಿಕ್ಕದಾಗಿದ್ದರೆ ಅದರ ಮೇಲೆ ಬರೆದ ವೇಗ ದಾಟಬೇಡಿ, ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದು.

ಕೊನೆಯದಾಗಿ, ಸವೆದ ಟೈರ್. ಮೇಲೆ ಹೇಳಿದ ಲೆಕ್ಕ ನೋಡಿ ಕೆಲವರಿಗೆ ಅನ್ನಿಸಬಹುದು: ಸವೆದ ಟೈರ್ ಹಗುರ ಉರುಳುತ್ತದೆ, ಮೀಟರಿನಲ್ಲೂ ಒಳ್ಳೆಯ ಅಂಕಿ ಕಾಣುತ್ತದೆ, ಇನ್ನೊಂದು ಮಳೆಗಾಲ ತಳ್ಳೋಣ. ತಳ್ಳಬೇಡಿ. ಟೈರಿನ ಗೆರೆಯೊಳಗೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಬ್ಬಗಳಿವೆ, ಎತ್ತರ 1.6 ಮಿ.ಮೀ. ಬೆರಳಿನ ತುದಿ ಇಟ್ಟು ನೋಡಿ. ಟೈರಿನ ಮೈ ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ರಸ್ತೆಯ ನೀರನ್ನು ಹೊರಹಾಕಲು ಗೆರೆಯೇ ಉಳಿದಿಲ್ಲ. ಜೂನ್ ತಿಂಗಳ ಮಳೆಯಲ್ಲಿ 80ರಲ್ಲಿ ಹೋಗುವಾಗ ಆ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ಹೋಗುತ್ತಲೇ ಇರುತ್ತದೆ. ಮೇ ಮುಗಿಯುವ ಮೊದಲು ನಾಲ್ಕೂ ಟೈರಿಗೆ ಬೆರಳಿಟ್ಟು ನೋಡಿ, ಮಟ್ಟ ಬಂದದ್ದನ್ನು ಮೂಲ ಸೈಜಿನ ಹೊಸದಕ್ಕೆ ಬದಲಿಸಿ. ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದೆಂದು ಒಪ್ಪಬೇಡಿ.